ಇಂಕು ತುಂಬಿಸುವ ಪಾಡು: ಮೂರು ಹಳೇ ಪೆನ್ನುಗಳ ಸುತ್ತ

ಪ್ರಶ್ನೆ: ತಾತ ತೀರಿಕೊಂಡ ಮೇಲೆ ಅವರ ಮೇಜಿನ ಡ್ರಾಯರಿನಲ್ಲಿ ಮೂರು ಫೌಂಟನ್ ಪೆನ್ನುಗಳು ಸಿಕ್ಕವು. ಒಂದು ಕಪ್ಪು ಪೆನ್ನು, ಈಗ ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿದೆ. ಪಕ್ಕದಲ್ಲಿ ಪುಟ್ಟ ಲಿವರ್ ಇದೆ. ಮೈಮೇಲೆ ವಾಟರ್‌ಮನ್ ಎಂದೂ ಹಿಂತುದಿಯಲ್ಲಿ 52 ಎಂದೂ ಇದೆ. ಎರಡನೆಯದು ಪಾರ್ಕರ್, ನಿಬ್ಬು ಮುಚ್ಚಿಕೊಂಡು ತುದಿ ಮಾತ್ರ ಕಾಣುತ್ತದೆ. ಮೂರನೆಯದು ಹಸಿರು ಗೆರೆಗಳ ಪೆಲಿಕಾನ್ 400, ಹಿಂದಿನ ತಿರುಪು ಅಲ್ಲಾಡುವುದಿಲ್ಲ. ಇವು ಯಾವ ಕಾಲದವು? ಇವುಗಳಿಂದ ಬರೆಯಬಹುದೇ? ಪಾಲಿಶ್ ಮಾಡಿಸಿ, ತಾತನ ಹೆಸರಿನ ಕೆತ್ತನೆ ಅಳಿಸಿದರೆ ಬೆಲೆ ಜಾಸ್ತಿಯಾಗುತ್ತದೆ ಎಂದು ಒಬ್ಬರು ಹೇಳಿದರು, ನಿಜವೇ? ಹಳೇ ಪೆನ್ನು ಸಂಗ್ರಹಿಸುವ ಆಸೆಯೂ ಹುಟ್ಟಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಎಲ್ಲಕ್ಕಿಂತ ಮೊದಲು, ಲಿವರ್ ಎತ್ತಬೇಡಿ. ಪೆಲಿಕಾನಿನ ತಿರುಪನ್ನು ಬಲವಂತದಿಂದ ತಿರುಗಿಸಬೇಡಿ. ಕಪ್ಪು ಪೆನ್ನನ್ನು ನೀರಿನಲ್ಲಿ ನೆನೆಹಾಕಬೇಡಿ. ಪಾಲಿಶಿನ ಯೋಚನೆಯನ್ನಂತೂ ಬಿಟ್ಟೇಬಿಡಿ. ಹಳೇ ಪೆನ್ನುಗಳು ಡ್ರಾಯರಿನಲ್ಲಿ ಐವತ್ತು ವರ್ಷ ಸುಮ್ನೆ ಮಲಗಿದ್ದಾಗ ಹಾಳಾಗುವುದು ಕಡಿಮೆ. ಸಿಕ್ಕ ಮೊದಲ ದಿನದ ಉತ್ಸಾಹದಲ್ಲಿ ಹಾಳಾಗುವುದೇ ಜಾಸ್ತಿ. ಯಾಕೆ ಎನ್ನುವುದು ಮುಂದೆ ಒಂದೊಂದಾಗಿ ಬರುತ್ತದೆ.

ನಿಮ್ಮ ಮೂರೂ ಪೆನ್ನುಗಳು ಬೇರೆ ಬೇರೆ ಕಂಪನಿಯವು. ಆದರೆ ಮೂರೂ ಒಂದೇ ಕಷ್ಟಕ್ಕೆ ಹುಡುಕಿದ ಮೂರು ದಾರಿಗಳು. ಕೈಗೂ ಅಂಗಿಗೂ ತಾಗದ ಹಾಗೆ ಪೆನ್ನಿನೊಳಗೆ ಇಂಕು ತುಂಬಿಸುವುದು ಹೇಗೆ? ಬರೆಯುವ ತುದಿಯ ವಿಷಯ 1880ರ ದಶಕದ ಹೊತ್ತಿಗೆ ಹೆಚ್ಚುಕಡಿಮೆ ಇತ್ಯರ್ಥವಾಗಿತ್ತು. ಆಮೇಲೆ ಎಪ್ಪತ್ತು ವರ್ಷ ಕಂಪನಿಗಳು ಗುದ್ದಾಡಿದ್ದು ಇಂಕು ತುಂಬಿಸುವ ವಿಧಾನಕ್ಕಾಗಿ. ಈ ಎಳೆಯನ್ನು ಹಿಡಿದು ನೋಡಿದರೆ ಯಾವ ಹಳೇ ಪೆನ್ನು ಕೈಗೆ ಬಂದರೂ ಅದರ ಕಾಲ, ಅದರ ಕಾಯಿಲೆ, ಅದರ ಮದ್ದು ಮೂರೂ ತಿಳಿಯುತ್ತವೆ. ಸಂಗ್ರಹಕ್ಕೂ ಇದೇ ಒಳ್ಳೆಯ ದಾರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಂಕನ್ನು ಒಳಗೇ ಇಟ್ಟುಕೊಳ್ಳುವ ಪೆನ್ನಿನ ಆಸೆ ತುಂಬ ಹಳೆಯದು. ಜರ್ಮನಿಯ ಡೇನಿಯಲ್ ಶ್ವೆಂಟರ್ 1636ರಲ್ಲೇ ಎರಡು ಗರಿಗಳನ್ನು ಒಂದರೊಳಗೊಂದು ಕೂರಿಸಿ ಮಾಡುವ ಪೆನ್ನನ್ನು ವಿವರಿಸಿದ್ದ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1663ರ ತನ್ನ ದಿನಚರಿಯಲ್ಲಿ ಇಂಕು ಹೊತ್ತೊಯ್ಯುವ ಬೆಳ್ಳಿಯ ಪೆನ್ನಿನ ಬಗ್ಗೆ ಬರೆದಿದ್ದಾನೆ. ರೊಮೇನಿಯಾದ ಪೆಟ್ರಾಕೆ ಪೊಯೆನಾರು ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಗ, 1827ರ ಮೇ 25ರಂದು, ಹಂಸದ ಗರಿಯ ಪೆನ್ನಿಗೆ ಫ್ರಾನ್ಸಿನ ಪೇಟೆಂಟ್ ಪಡೆದ. ಇವು ಯಾವುವೂ ದಿನಬಳಕೆಗೆ ನಿಲ್ಲಲಿಲ್ಲ.

ನಿಲ್ಲದೇ ಇದ್ದದ್ದಕ್ಕೆ ಕಾರಣ ಇದೆ. ಆಗಿನ ಇಂಕು ಉಕ್ಕನ್ನು ತಿನ್ನುತ್ತಿತ್ತು. ಚಿನ್ನವನ್ನು ತಿನ್ನುವುದಿಲ್ಲ, ಆದರೆ ಚಿನ್ನ ಮೆದು, ಕಾಗದದ ಮೇಲೆ ಬೇಗ ಸವೆಯುತ್ತದೆ. ಜಾನ್ ಐಸಾಕ್ ಹಾಕಿನ್ಸ್ 1834ರಲ್ಲಿ ಚಿನ್ನದ ನಿಬ್ಬಿನ ತುದಿಗೆ ಇರಿಡಿಯಂ ಜಾತಿಯ ಗಟ್ಟಿ ಲೋಹದ ಕಣ ಕೂರಿಸಿದ ಮೇಲೆ ಆ ತೊಂದರೆ ಹೋಯಿತು. ಪೆನ್ನಿನ ಮೈಗೂ ಇಂಕಿಗೆ ಜಗ್ಗದ ವಸ್ತು ಬೇಕಿತ್ತು. ರಬ್ಬರಿಗೆ ಗಂಧಕ ಜಾಸ್ತಿ ಹಾಕಿ ಕಾಯಿಸಿದರೆ ಅದು ಮರದಷ್ಟು ಗಟ್ಟಿಯಾಗುತ್ತದೆ, ಲೇತಿನಲ್ಲಿ ಚೆನ್ನಾಗಿ ಕಡೆಯಬಹುದು. ಅದೇ ಎಬೊನೈಟ್. ನೆಲ್ಸನ್ ಗುಡ್‌ಇಯರ್ 1851ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಪಡೆದ. ಉಳಿದದ್ದು ಒಂದೇ ಪ್ರಶ್ನೆ. ಇಂಕು ಒಮ್ಮೆಲೇ ಸುರಿಯದೆ, ನಿಂತೂ ಹೋಗದೆ, ಬರೆದಷ್ಟೇ ಬರುವ ಹಾಗೆ ಮಾಡುವುದು.

ಅದನ್ನು ಬಗೆಹರಿಸಿದವರಲ್ಲಿ ದೊಡ್ಡ ಹೆಸರು ನ್ಯೂಯಾರ್ಕಿನ ಲೂಯಿಸ್ ಎಡ್ಸನ್ ವಾಟರ್‌ಮನ್. ಅವನ ಪೇಟೆಂಟ್ 1884ರ ಫೆಬ್ರವರಿ 12ರದ್ದು. ತುಂಬಿದ ಬಾಟಲಿಯನ್ನು ತಲೆಕೆಳಗು ಮಾಡಿದರೆ ನೀರು ಗುಳುಗುಳು ಎಂದು ತಡೆತಡೆದು ಬೀಳುತ್ತದೆ, ಅಲ್ವಾ? ಒಳಗೆ ಗಾಳಿ ಹೋದಷ್ಟೇ ನೀರು ಹೊರಗೆ ಬರುತ್ತದೆ. ಪೆನ್ನಿನದೂ ಇದೇ ಕಥೆ. ವಾಟರ್‌ಮನ್ ನಿಬ್ಬಿನ ಕೆಳಗಿನ ಫೀಡಿನಲ್ಲಿ, ಅಂದರೆ ನಿಬ್ಬಿಗೆ ಇಂಕು ತಂದುಕೊಡುವ ತುಂಡಿನಲ್ಲಿ, ಒಂದು ಕಾಲುವೆ ಕೊರೆದು, ಆ ಕಾಲುವೆಯ ತಳದಲ್ಲಿ ಇನ್ನೂ ಸಣ್ಣ ಸೀಳುಗಳನ್ನು ಮಾಡಿದ. ಸೀಳುಗಳಲ್ಲಿ ಇಂಕು ತಾನಾಗಿ ಎಳೆದುಕೊಂಡು ಮುಂದೆ ಬರುತ್ತದೆ. ಮೇಲಿನ ಜಾಗದಲ್ಲಿ ಗಾಳಿ ಚೂರು ಚೂರೇ ಹಿಂದಕ್ಕೆ ಹೋಗುತ್ತದೆ. ಇಂದಿನ ಅತಿ ಸಾಧಾರಣ ಫೌಂಟನ್ ಪೆನ್ನೂ ಇದೇ ತತ್ವದ ಮೇಲೆ ಬರೆಯುತ್ತದೆ.

ವಾಟರ್‌ಮನ್ ವಿಮೆ ಏಜೆಂಟನಾಗಿದ್ದ, ಪೆನ್ನು ಮಸಿ ಕಾರಿ ಒಪ್ಪಂದದ ಕಾಗದ ಹಾಳಾಗಿ ಗಿರಾಕಿ ಕೈತಪ್ಪಿದ, ಆ ಸಿಟ್ಟಿನಲ್ಲಿ ಹೊಸ ಪೆನ್ನು ಕಂಡುಹಿಡಿದ ಎಂಬ ಕಥೆಯನ್ನು ನೀವೂ ಓದಿರಬಹುದು. ಅದು ಕಂಪನಿಯ ಪ್ರಚಾರದಿಂದ ಹಬ್ಬಿದ ಕಥೆ, ಅದಕ್ಕೆ ಆಧಾರವಿಲ್ಲ. ಅವನಿಗಿಂತ ಮೊದಲೇ ಅಮೆರಿಕದಲ್ಲಿ ಫೌಂಟನ್ ಪೆನ್ನುಗಳು ಮಾರಾಟವಾಗುತ್ತಿದ್ದವು. ಆ ವ್ಯಾಪಾರದಲ್ಲಿ ಇದ್ದುಕೊಂಡೇ ಅವನು ಫೀಡನ್ನು ಸುಧಾರಿಸಿದ. ಅದೇನೂ ಸಣ್ಣ ಸಾಧನೆಯಲ್ಲ, ಅದಕ್ಕೆ ಕಟ್ಟುಕಥೆ ಬೇಕಿಲ್ಲ.

ಆಗಿನ ಪೆನ್ನುಗಳಿಗೆ ಇಂಕು ತುಂಬಿಸುತ್ತಿದ್ದದ್ದು ಗಾಜಿನ ಡ್ರಾಪರಿನಿಂದ. ಮುಂಭಾಗವನ್ನು ತಿರುಗಿಸಿ ಬಿಚ್ಚಬೇಕು, ಹನಿ ಹನಿಯಾಗಿ ಹಾಕಬೇಕು, ಮತ್ತೆ ಮುಚ್ಚಬೇಕು. ಇಂಕು ಧಾರಾಳ ಹಿಡಿಯುತ್ತದೆ, ನಿಜ. ಆದರೆ ಬೆರಳು ಮಸಿಯಾಗದೆ ಉಳಿಯುವುದು ಕಷ್ಟ. ಇಂಕು ಕಡಿಮೆಯಾದಾಗ ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ ನಿಬ್ಬಿನಿಂದ ಇಂಕನ್ನು ಹೊರಗೆ ದೂಡುತ್ತದೆ. ಇದನ್ನು ತಪ್ಪಿಸಲು ಒಬ್ಬೊಬ್ಬರು ಒಂದೊಂದು ಯುಕ್ತಿ ಹೂಡಿದರು. ವಿಸ್ಕಾನ್ಸಿನ್‌ನ ಜೇನ್ಸ್‌ವಿಲ್ ಊರಿನ ಜಾರ್ಜ್ ಪಾರ್ಕರ್ ಟೆಲಿಗ್ರಾಫ್ ಕಲಿಸುವ ಮೇಷ್ಟ್ರು. ವಿದ್ಯಾರ್ಥಿಗಳಿಗೆ ಪೆನ್ನು ಮಾರುತ್ತಿದ್ದ, ಅವು ಕೆಟ್ಟಾಗ ರಿಪೇರಿಯನ್ನೂ ತಾನೇ ಮಾಡಿಕೊಡುತ್ತಿದ್ದ. ಆ ರಿಪೇರಿಯಿಂದಲೇ 1888ರಲ್ಲಿ ಕಂಪನಿ ಹುಟ್ಟಿತು. ಅವನ 1894ರ ‘ಲಕಿ ಕರ್ವ್’ ಫೀಡಿನ ಹಿಂತುದಿ ಬಾಗಿ ಪೆನ್ನಿನ ಒಳಗೋಡೆಯನ್ನು ಮುಟ್ಟುತ್ತದೆ. ಪೆನ್ನನ್ನು ಜೇಬಿನಲ್ಲಿ ನೆಟ್ಟಗೆ ಇಟ್ಟಾಗ ಫೀಡಿನಲ್ಲಿ ಉಳಿದ ಇಂಕು ಆ ಗೋಡೆಯ ಗುಂಟ ಹಿಂದಕ್ಕೆ ಇಳಿಯಲಿ ಎಂಬುದು ಲೆಕ್ಕ.

ಓಹಿಯೋದ ಟೊಲೀಡೊ ಊರಿನ ಕಾಂಕ್ಲಿನ್ ಕಂಪನಿ ಬೇರೆ ದಾರಿ ಹಿಡಿಯಿತು. ಒಳಗೆ ರಬ್ಬರ್ ಚೀಲ, ಹೊರಗೆ ಅರ್ಧಚಂದ್ರದ ಲೋಹದ ತುಂಡು. ಚಂದ್ರವನ್ನು ಒತ್ತಿದರೆ ಚೀಲ ಚಪ್ಪಟೆಯಾಗುತ್ತದೆ, ಬಿಟ್ಟರೆ ಇಂಕು ಎಳೆದುಕೊಳ್ಳುತ್ತದೆ. ಮಾರ್ಕ್ ಟ್ವೇನ್ ಈ ಪೆನ್ನನ್ನು ಮೆಚ್ಚಿ ಅದರ ಜಾಹೀರಾತಿಗೆ ಮಾತು ಕೊಟ್ಟಿದ್ದ. ಚಂದ್ರ ಅಡ್ಡ ಇರುವುದರಿಂದ ಪೆನ್ನು ಮೇಜಿನಿಂದ ಉರುಳುವುದಿಲ್ಲ, ಬಯ್ಯುವ ಕೆಲಸ ತಪ್ಪುತ್ತದೆ ಎನ್ನುವುದು ಅವನು ಕೊಟ್ಟ ಒಂದು ಕಾರಣ.

ಅಯೋವಾದ ಫೋರ್ಟ್ ಮ್ಯಾಡಿಸನ್ನಿನಲ್ಲಿ ಆಭರಣದ ಅಂಗಡಿ ಇಟ್ಟಿದ್ದ ವಾಲ್ಟರ್ ಶೇಫರ್ ಆ ಚಂದ್ರವನ್ನು ಪೆನ್ನಿನ ಮೈಯೊಳಗೆ ಮಟ್ಟಸವಾಗಿ ಕೂರುವ ಲಿವರ್ ಮಾಡಿದ. 1908ರ ಪೇಟೆಂಟ್ ಅದು. ಲಿವರನ್ನು ಎತ್ತಿದಾಗ ಒಳಗಿನ ಲೋಹದ ಪಟ್ಟಿ ಚೀಲವನ್ನು ಒತ್ತುತ್ತದೆ. ನೋಡಲು ಚೆಂದ, ಮಾಡಲು ಸುಲಭ. ಕೆಲವೇ ವರ್ಷಗಳಲ್ಲಿ ಬೇರೆ ಕಂಪನಿಗಳೂ ತಮ್ಮ ತಮ್ಮ ಲಿವರ್ ತಂದವು. ನಿಮ್ಮ ವಾಟರ್‌ಮನ್ 52 ಈ ಕಾಲದ ಕೂಸು, 1910ರ ದಶಕದ ಕೊನೆಯಿಂದ 1930ರ ದಶಕದ ಮೊದಲ ವರ್ಷಗಳ ನಡುವಿನದು.

ಆ 52 ಎಂಬ ಅಂಕಿಯನ್ನು ಓದಲು ಕಲಿತರೆ ವಾಟರ್‌ಮನ್ನಿನ ಅರ್ಧ ಸಂಸಾರ ಗೊತ್ತಾದ ಹಾಗೆ. ಬಿಡಿ ಸ್ಥಾನದ 2 ನಿಬ್ಬಿನ ಅಳತೆ. ಹತ್ತರ ಸ್ಥಾನದ 5 ಎಂದರೆ ಲಿವರ್. ನೂರರ ಸ್ಥಾನದಲ್ಲಿ 4 ಬಂದು 452 ಆದರೆ ಮೈಮೇಲೆ ಬೆಳ್ಳಿಯ ಹೊದಿಕೆ ಇದೆ ಎಂದರ್ಥ. 0552 ಎಂದಿದ್ದರೆ ಚಿನ್ನದ ತಗಡಿನ ಹೊದಿಕೆ. ಅಂಕಿಯ ಕೊನೆಗೆ ಅರ್ಧ ಇದ್ದರೆ ತೆಳು ಪೆನ್ನು, ವಿ ಅಕ್ಷರ ಇದ್ದರೆ ಒಳಜೇಬಿನ ಗಿಡ್ಡ ಪೆನ್ನು. ಹೊದಿಕೆಯ ಪೆನ್ನು ಎಂದು ಯಾರಾದರೂ ತೋರಿಸಿದಾಗ ತುದಿಯಲ್ಲಿ ಬರೀ 52 ಇದ್ದರೆ, ಹೊದಿಕೆಯನ್ನು ಆಮೇಲೆ ಬೇರೆಯವರು ಹಾಕಿರಬಹುದು ಎಂದು ತಕ್ಷಣ ಅನುಮಾನ ಪಡಬೇಕು.

ಕಪ್ಪು ಕಂದಾಗಿರುವುದು ಎಬೊನೈಟಿನ ಗುಣ. ಬೆಳಕು ಮತ್ತು ತೇವ ತಾಗಿದರೆ ಅದರ ಮೇಲ್ಪದರದ ಗಂಧಕ ಬದಲಾಗಿ ಬಣ್ಣ ಹೋಗುತ್ತದೆ. ನೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಹೊಳೆಯುವ ಕಪ್ಪು ಪೆನ್ನು ಬೆಳಗಾಗುವಷ್ಟರಲ್ಲಿ ಮಾಸಲು ಕಂದಾಗಬಹುದು, ಹಿಂದಕ್ಕೆ ಬರುವುದಿಲ್ಲ. ಕಪ್ಪು ಬಣ್ಣ ಬಳಿಯುವವರಿದ್ದಾರೆ, ಉಜ್ಜಿ ಮೇಲ್ಪದರ ತೆಗೆಯುವವರಿದ್ದಾರೆ. ನಾನು ಎರಡನ್ನೂ ಒಪ್ಪುವುದಿಲ್ಲ. ಈ ಪೆನ್ನಿನ ಮೈಮೇಲೆ ಅಲೆಅಲೆಯಾದ ಸಣ್ಣ ಗೀರುಗಳ ಚಿತ್ತಾರ ಇರುತ್ತದೆ, ಕಂಪನಿಯ ಹೆಸರಿನ ಅಚ್ಚು ಇರುತ್ತದೆ. ಎರಡೂ ಕೂದಲೆಳೆಯಷ್ಟೇ ಆಳ. ಒಂದು ಸಲ ಉಜ್ಜಿದರೆ ಹೋದವು. ತಿಳಿದ ಸಂಗ್ರಾಹಕರು ಮಾಸಿದ ಪೆನ್ನನ್ನು ಕೊಳ್ಳುತ್ತಾರೆ, ಅಚ್ಚು ಅಳಿಸಿದ ಪೆನ್ನನ್ನು ಬಿಟ್ಟು ಹೋಗುತ್ತಾರೆ.

ತಾತನ ಹೆಸರಿನ ವಿಷಯವೂ ಇದರ ಜೊತೆಗೇ ಬರುತ್ತದೆ. ಸಾಮಾನ್ಯವಾಗಿ ಸಿಗುವ ಪೆನ್ನಿನ ಮೇಲೆ ಯಾರದೋ ಹೆಸರಿದ್ದರೆ ಪೇಟೆಯಲ್ಲಿ ಬೆಲೆ ಸ್ವಲ್ಪ ಇಳಿಯುವುದು ನಿಜ. ಆದರೆ ಹೆಸರು ಅಳಿಸಲು ಮೈಯನ್ನು ತೆಳು ಮಾಡಬೇಕು, ಪಕ್ಕದ ಅಚ್ಚು, ಚಿತ್ತಾರ ಎಲ್ಲ ಹೋಗುತ್ತದೆ, ಬೆಲೆ ಇನ್ನೂ ಕೆಳಗಿಳಿಯುತ್ತದೆ. ನಿಮಗೆ ಸಲಹೆ ಕೊಟ್ಟವರದು ತಪ್ಪು. ಅಷ್ಟೇ ಅಲ್ಲ, ಯಾರ ಕೈಯಲ್ಲಿತ್ತು ಎಂದು ಗೊತ್ತಿರುವ ಪೆನ್ನು ಸಿಗುವುದೇ ಅಪರೂಪ. ಆ ಕೆತ್ತನೆ ಇರಲಿ.

ಲಿವರ್ ಎತ್ತಬೇಡಿ ಎಂದದ್ದಕ್ಕೆ ಕಾರಣ ಒಳಗಿನ ರಬ್ಬರ್ ಚೀಲ. ದಶಕಗಳಲ್ಲಿ ಅದು ಒಣಗಿ ಕಲ್ಲಾಗಿರುತ್ತದೆ. ಎತ್ತಿದರೆ ಚೀಲ ಪುಡಿಯಾಗುತ್ತದೆ, ಇಲ್ಲವೇ ಲಿವರ್ ಮುರಿಯುತ್ತದೆ, ಇಲ್ಲವೇ ಮೈ ಸೀಳುತ್ತದೆ. ಚೀಲ ಬದಲಿಸುವುದು ಈ ಕಸುಬಿನಲ್ಲಿ ಎಲ್ಲರೂ ಮೊದಲು ಕಲಿಯುವ ಕೆಲಸ. ಒಣ ಬಿಸಿಗಾಳಿಯಲ್ಲಿ ಮೆಲ್ಲಗೆ ಕಾಯಿಸಿ ಮುಂಭಾಗವನ್ನು ಎಳೆದು ತೆಗೆಯುತ್ತಾರೆ. ಹಳೇ ಚೀಲ ಕೆರೆದು, ಸರಿಯಾದ ಅಳತೆಯ ಹೊಸದನ್ನು ಅರಗಿನಿಂದ ಮಾಡಿದ ಶೆಲ್ಯಾಕ್ ಹಚ್ಚಿ ಅಂಟಿಸುತ್ತಾರೆ. ಚೀಲದ ನಂಬರ್ 16 ಎಂದರೆ ಅಗಲ ಒಂದು ಇಂಚಿನ 64ರಲ್ಲಿ 16 ಭಾಗ. ಗಮ್ಮು, ಸೂಪರ್ ಗ್ಲೂ ಮುಟ್ಟಲೇಬಾರದು. ಶೆಲ್ಯಾಕನ್ನೇ ಹಾಕುವುದು ಯಾಕೆಂದರೆ ಮುಂದೊಂದು ದಿನ ಮತ್ತೆ ಬಿಸಿ ಮಾಡಿ ಬಿಚ್ಚಬಹುದು.

52ರ ಇನ್ನೊಂದು ಆಕರ್ಷಣೆ ಅದರ ನಿಬ್ಬು. ಆ ಕಾಲದ ಎಷ್ಟೋ ವಾಟರ್‌ಮನ್ ನಿಬ್ಬುಗಳು ಚೆನ್ನಾಗಿ ಬಾಗುತ್ತವೆ. ಒತ್ತಿದಾಗ ಗೆರೆ ದಪ್ಪ, ಬಿಟ್ಟಾಗ ಕೂದಲಿನಷ್ಟು ತೆಳು. ನಿಮ್ಮದು ಅಂಥದ್ದಾಗಿದ್ದರೆ ಮೂರರಲ್ಲಿ ಸಂಗ್ರಾಹಕರು ಮೊದಲು ಕೈ ಹಾಕುವುದು ಅದಕ್ಕೇ. ಈಗಲೇ ಒತ್ತಿ ಪರೀಕ್ಷೆ ಮಾಡಬೇಡಿ. ನಿಬ್ಬಿನ ನಡುವಿನ ತೂತಿನ ಸುತ್ತ ಬಿರುಕಿಲ್ಲ ಎಂದು ಖಾತ್ರಿಯಾದ ಮೇಲೆ ಒತ್ತಿ.

ಲಿವರ್ ಕಾಲದಲ್ಲೇ ಇನ್ನೊಂದು ದೊಡ್ಡ ಬದಲಾವಣೆ ಆಯಿತು, ಬಣ್ಣದ್ದು. ಅಲ್ಲಿಯವರೆಗೆ ಪೆನ್ನು ಎಂದರೆ ಕಪ್ಪು. ಪಾರ್ಕರ್ 1921ರಲ್ಲಿ ದಪ್ಪನೆಯ, ಕಿತ್ತಳೆಗೆಂಪು ಬಣ್ಣದ ಡ್ಯುಯೋಫೋಲ್ಡ್ ತಂದಿತು. ಬೆಲೆ 7 ಡಾಲರ್, ಆಗಿನ ಮಾಮೂಲಿ ಪೆನ್ನುಗಳಿಗಿಂತ ಎಷ್ಟೋ ಹೆಚ್ಚು. ಆದರೂ ಜನ ಮುಗಿಬಿದ್ದರು. 1924ರಲ್ಲಿ ಶೇಫರ್ ಸೆಲ್ಯುಲಾಯ್ಡ್ ಎಂಬ ಹಳೇ ಬಗೆಯ ಪ್ಲಾಸ್ಟಿಕ್ಕಿನ ಪೆನ್ನು ತಂದ ಮೇಲೆ ಹಸಿರು, ನೀಲಿ, ಮುತ್ತಿನ ಹೊಳಪು ಎಲ್ಲ ಬಂದವು. ಹಳೇ ಸೆಲ್ಯುಲಾಯ್ಡಿನ ಆಳದ ಹೊಳಪಿಗೆ ಸಮನಾದ ಪ್ಲಾಸ್ಟಿಕ್ ಇವತ್ತಿಗೂ ಬಂದಿಲ್ಲ ಎಂದು ನನ್ನ ಎಣಿಕೆ. ಆದರೆ ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಒಳಗಿನ ರಬ್ಬರ್ ಚೀಲದಿಂದ ಹೊರಡುವ ಗಂಧಕದ ಅನಿಲಕ್ಕೆ ತಿಳಿ ಬಣ್ಣಗಳು ಕಂದಾಗುತ್ತವೆ. ಜೇಡ್ ಹಸಿರಿನ ಪೆನ್ನು ಕೊಳ್ಳುವಾಗ ಮುಚ್ಚಳದ ಹಸಿರಿಗೂ ಮೈಯ ಹಸಿರಿಗೂ ಹೋಲಿಸಿ ನೋಡಿ. ಚೀಲ ಇರುವುದು ಮೈಯಲ್ಲಿ, ಹಾಗಾಗಿ ಮೈ ಹೆಚ್ಚು ಕಂದಾಗಿರುತ್ತದೆ.

ಇನ್ನು ನಿಮ್ಮ ಪೆಲಿಕಾನ್. ಜರ್ಮನಿಯ ಹ್ಯಾನೋವರಿನ ಈ ಕಂಪನಿ 1838ರಿಂದ ಬಣ್ಣ, ಇಂಕು ಮಾಡುತ್ತಿತ್ತು. ಪೆನ್ನಿಗೆ ಕೈ ಹಾಕಿದ್ದು 1929ರಲ್ಲಿ. ತಡವಾಗಿ ಬಂದರೂ ಚೀಲದ ತಂಟೆಯನ್ನೇ ತೆಗೆದುಹಾಕಿತು. ತಿಯೋಡೋರ್ ಕೊವಾಕ್ಸ್ ಎಂಬ ಎಂಜಿನಿಯರ್ ರೂಪಿಸಿದ ಪಿಸ್ಟನ್ ಅದರ ಜೀವಾಳ. ಹಿಂದಿನ ತಿರುಪನ್ನು ತಿರುಗಿಸಿದರೆ ಒಳಗಿನ ಪಿಸ್ಟನ್ ಮುಂದೆ ಹೋಗಿ, ಹಿಂದೆ ಬರುವಾಗ ಇಂಕು ಎಳೆದುಕೊಳ್ಳುತ್ತದೆ. ಪೆನ್ನಿನ ಇಡೀ ಮೈಯೇ ಇಂಕಿನ ತೊಟ್ಟಿ. ಎರಡು ಬಗೆಯ ತಿರುಪುಗಳನ್ನು ಜೋಡಿಸಿರುವುದರಿಂದ ಹಿಂದಿನ ಗುಬುಟು ಸ್ವಲ್ಪವೇ ಮೇಲೆದ್ದರೂ ಪಿಸ್ಟನ್ ಉದ್ದಕ್ಕೂ ಓಡುತ್ತದೆ. ಇಷ್ಟು ಅಚ್ಚುಕಟ್ಟಾದ ಯಂತ್ರ ಪೆನ್ನಿನ ಲೋಕದಲ್ಲಿ ಇನ್ನೊಂದಿಲ್ಲ ಎಂದೇ ಹೇಳುತ್ತೇನೆ.

400 ಮಾದರಿ ಬಂದದ್ದು 1950ರಲ್ಲಿ. ಬೆಳಕಿಗೆ ಹಿಡಿದರೆ ಹಸಿರು ಗೆರೆಗಳ ನಡುವಿನಿಂದ ಇಂಕಿನ ಮಟ್ಟ ಕಾಣುತ್ತದೆ. ತಿರುಪು ಅಲ್ಲಾಡದಿರುವುದು ಒಣಗಿದ ಇಂಕಿನಿಂದ. ಬಲ ಹಾಕಿದರೆ ಒಳಗಿನ ದಂಡವೇ ಮುರಿಯಬಹುದು. ನಿಬ್ಬಿನ ಭಾಗ ಮಾತ್ರ ಮುಳುಗುವ ಹಾಗೆ ತಣ್ಣೀರಿನಲ್ಲಿ ಇಡಿ, ನೀರು ಬಣ್ಣವಾದಾಗಲೆಲ್ಲ ಬದಲಿಸಿ. ಒಂದೆರಡು ದಿನದಲ್ಲಿ ಸಾಮಾನ್ಯವಾಗಿ ಸಡಿಲವಾಗುತ್ತದೆ. ಆಗಲೂ ಆಗದಿದ್ದರೆ ಬಲ್ಲವರಿಗೆ ಕೊಡಿ. ನಿಬ್ಬು, ಫೀಡು ಒಟ್ಟಿಗೆ ತಿರುಗಿ ಬಿಚ್ಚಿಬರುವ ರಚನೆ ಇದೆ, ನಿಜ. ಆದರೆ ಫೀಡಿನ ಸಣ್ಣ ಹಲ್ಲುಗಳು ಹಿಡಿದ ಕೈಗೇ ಮುರಿಯುತ್ತವೆ. ಅಂತರ್ಜಾಲದ ವಿಡಿಯೋ ನೋಡಿ ಮಾಡುವ ಕೆಲಸವಲ್ಲ ಅದು.

ಉಳಿದದ್ದು ನಿಬ್ಬು ಮುಚ್ಚಿದ ಪಾರ್ಕರ್. ವರ್ಣನೆ ನೋಡಿದರೆ ಅದು ಪಾರ್ಕರ್ 51 ಇರಬೇಕು. ಇದರ ಹಿಂದೆ ಎರಡು ಕಥೆ ಸೇರಿವೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಡಾಲ್‌ಬರ್ಗ್ ಚೀಲವಿಲ್ಲದ ಒಂದು ವ್ಯವಸ್ಥೆ ರೂಪಿಸಿದ್ದರು. ಪೆನ್ನಿನ ಹಿಂಭಾಗದಲ್ಲಿ ಒಂದು ರಬ್ಬರ್ ಪೊರೆ. ಗುಂಡಿಯನ್ನು ಕೆಲವು ಸಲ ಒತ್ತಿ ಬಿಟ್ಟರೆ ಪೊರೆ ಗಾಳಿಯನ್ನು ಹೊರಗೆ ತಳ್ಳಿ ಇಂಕನ್ನು ಒಳಗೆ ಎಳೆಯುತ್ತದೆ. ಪಾರ್ಕರ್ ಇದನ್ನು 1933ರಲ್ಲಿ ವ್ಯಾಕ್ಯುಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರಿತು. ಇನ್ನೊಂದು ಕಥೆ ಇಂಕಿನದು. ಕಾಗದಕ್ಕೆ ತಾಗಿದ ಕೂಡಲೇ ಒಣಗುವ ಇಂಕನ್ನು ಪಾರ್ಕರ್ ಮಾಡಿತು. ಆ ಇಂಕಿನ ಕ್ಷಾರ ಎಷ್ಟು ಜೋರಾಗಿತ್ತೆಂದರೆ ಮಾಮೂಲಿ ಪೆನ್ನಿನ ರಬ್ಬರು, ಸೆಲ್ಯುಲಾಯ್ಡು ತಡೆಯುತ್ತಿರಲಿಲ್ಲ. ನಿಬ್ಬಿನ ಮೇಲೂ ಬೇಗ ಒಣಗುತ್ತಿತ್ತು. ಅದಕ್ಕೇ ನಿಬ್ಬಿಗೆ ಮುಸುಕು ಹಾಕಿದರು, ಮೈಗೆ ಲ್ಯೂಸೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಳಸಿದರು. ಕಂಪನಿಯ 51ನೇ ವರ್ಷವಾದ 1939ರಲ್ಲಿ ಸಿದ್ಧವಾದ್ದರಿಂದ 51 ಎಂದು ಹೆಸರು. ಅಮೆರಿಕದ ಪೇಟೆಗೆ ಬಂದದ್ದು 1941ರಲ್ಲಿ.

ನಿಮ್ಮದು ಯಾವ ಬಗೆ ಎಂದು ತಿಳಿಯುವುದು ಸುಲಭ. ಹಿಂತುದಿಯ ಸಣ್ಣ ಟೋಪಿ ಬಿಚ್ಚಿಕೊಂಡು ಒಳಗೆ ಒತ್ತುವ ಕಡ್ಡಿ ಕಂಡರೆ ವ್ಯಾಕ್ಯುಮ್ಯಾಟಿಕ್. ಅದರ ರಬ್ಬರ್ ಪೊರೆ ಬದಲಿಸಬೇಕು, ಅದಕ್ಕೆ ವಿಶೇಷ ಉಪಕರಣ ಬೇಕು. ಹಿಂಬದಿಯ ಮೈಯೇ ನಡುವಿನಿಂದ ಬಿಚ್ಚಿಕೊಂಡು ಒಳಗೆ ಲೋಹದ ಕೊಳವೆ ಕಂಡರೆ 1948ರಿಂದ ಬಂದ ಏರೋಮೆಟ್ರಿಕ್. ಇಂಕು ತುಂಬಿಸುವ ವಿಧಾನವನ್ನು ಆ ಕೊಳವೆಯ ಮೇಲೇ ಕೊರೆದಿರುತ್ತಾರೆ. ಒಳಗಿನ ಚೀಲ ರಬ್ಬರಿನದಲ್ಲ, ಒಂದು ಪಾರದರ್ಶಕ ಪ್ಲಾಸ್ಟಿಕ್. ಎಷ್ಟೋ ಏರೋಮೆಟ್ರಿಕ್ ಪೆನ್ನುಗಳು ಇಷ್ಟು ದಶಕಗಳ ಮೇಲೂ ಬರೀ ನೀರಿನಲ್ಲಿ ತೊಳೆದರೆ ಸಾಕು, ಬರೆಯುತ್ತವೆ. ಬರೆಯುವುದಕ್ಕೆಂದು ಒಂದೇ ಹಳೇ ಪೆನ್ನು ಇಟ್ಟುಕೊಳ್ಳಿ ಎಂದು ಯಾರಾದರೂ ಷರತ್ತು ಹಾಕಿದರೆ ನಾನು ಏರೋಮೆಟ್ರಿಕ್ 51 ಅನ್ನೇ ಹಿಡಿಯುತ್ತೇನೆ. ಚೆಂದದಲ್ಲಿ ಪೆಲಿಕಾನ್ ಮೇಲು, ಬರಹದ ಬನಿಯಲ್ಲಿ 52 ಮೇಲು. ನಂಬಿಕೆಯಲ್ಲಿ 51ಕ್ಕೆ ಸಾಟಿಯಿಲ್ಲ.

ಹಳೇ ಪಾರ್ಕರುಗಳಲ್ಲಿ ಹುಟ್ಟಿದ ವರ್ಷವೂ ಇರುತ್ತದೆ. 1930ರ ದಶಕದ ಕೊನೆಯ ಹೊತ್ತಿನಿಂದ ಮೈಮೇಲಿನ ಅಚ್ಚಿನ ಪಕ್ಕದಲ್ಲಿ ಒಂದು ಅಂಕಿ, ಅದರ ಸುತ್ತ ಚುಕ್ಕಿಗಳು. ಅಂಕಿ ಇಸವಿಯ ಕೊನೆಯ ಅಂಕಿ, ಚುಕ್ಕಿಗಳ ಎಣಿಕೆ ವರ್ಷದ ಯಾವ ಮೂರು ತಿಂಗಳು ಎಂದು ಹೇಳುತ್ತದೆ. ಒಳ್ಳೆಯ ಭೂತಗನ್ನಡಿ ಹಿಡಿದು ನೋಡಿ. ಪಾಲಿಶ್ ಮಾಡಿದರೆ ಮೊದಲು ಅಳಿಸಿಹೋಗುವುದು ಈ ಚುಕ್ಕಿಗಳೇ.

ಆಮೇಲೆ ಬಂತು ಬಾಲ್ ಪೆನ್ನು. ಹಂಗೇರಿಯ ಲಾಸ್ಲೊ ಬಿರೊ 1938ರಲ್ಲಿ ಪೇಟೆಂಟ್ ಪಡೆದಿದ್ದ. ಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಗೆ ಅದು ಹಿಡಿಸಿತು, ಮೇಲೆ ಹಾರಿದಾಗ ಸೋರುವುದಿಲ್ಲವಲ್ಲ. 1945ರ ಅಕ್ಟೋಬರ್ 29ರಂದು ನ್ಯೂಯಾರ್ಕಿನ ಗಿಂಬಲ್ಸ್ ಮಳಿಗೆಯಲ್ಲಿ ರೆನಾಲ್ಡ್ಸ್ ಬಾಲ್ ಪೆನ್ನು 12.50 ಡಾಲರಿಗೆ ಮಾರಾಟಕ್ಕೆ ಬಂತು, ಜನ ಸಾಲುಗಟ್ಟಿದರು. ಆ ಪೆನ್ನು ಸರಿಯಾಗಿ ಬರೆಯುತ್ತಿರಲಿಲ್ಲ. ಆದರೆ 1950ರಲ್ಲಿ ಫ್ರಾನ್ಸಿನ ಬಿಕ್ ಕ್ರಿಸ್ಟಲ್ ಬಂದ ಮೇಲೆ ಅಗ್ಗದ, ಸೋರದ, ಕಾರ್ಬನ್ ಕಾಗದದ ಮೇಲೆ ಗಟ್ಟಿಯಾಗಿ ಒತ್ತಿ ಬರೆಯಬಹುದಾದ ಪೆನ್ನು ಎಲ್ಲರ ಕೈಗೆ ಸಿಕ್ಕಿತು. ಅಮೆರಿಕದ ವಾಟರ್‌ಮನ್ ಅದೇ ದಶಕದಲ್ಲಿ ಮುಚ್ಚಿತು. ಫ್ರಾನ್ಸಿನ ವಾಟರ್‌ಮನ್ ಉಳಿದು, 1953ರಲ್ಲಿ ಪ್ಲಾಸ್ಟಿಕ್ ಕಾರ್ಟ್ರಿಡ್ಜ್ ಹಾಕುವ ಪೆನ್ನು ತಂದಿತು. ಅಲ್ಲಿಗೆ ಇಂಕು ತುಂಬಿಸುವ ಪ್ರಶ್ನೆಯೇ ಮುಗಿದ ಹಾಗಾಯಿತು.

ಈಗ ಸಂಗ್ರಹದ ಮಾತು. ಹೊಸಬರು ಮಾಡುವುದು ಸಾಮಾನ್ಯವಾಗಿ ಒಂದೇ, ಕಂಡದ್ದನ್ನೆಲ್ಲ ಕೊಳ್ಳುವುದು. ವರ್ಷ ಕಳೆಯುವಷ್ಟರಲ್ಲಿ ಒಂದು ಡಬ್ಬ ತುಂಬ ರಿಪೇರಿಯಾಗದ ಪೆನ್ನುಗಳು. ಒಂದು ಎಳೆ ಹಿಡಿಯಿರಿ. ಕೆಲವರು ಒಂದೇ ಮಾದರಿಯ ಎಲ್ಲ ಬಣ್ಣ ಹುಡುಕುತ್ತಾರೆ. ಕೆಲವರು ಜಪಾನಿನ ಮಾಕಿ-ಎ, ಅಂದರೆ ಮೆರುಗೆಣ್ಣೆಯ ಮೇಲೆ ಚಿನ್ನದ ಪುಡಿಯ ಚಿತ್ತಾರದ ಪೆನ್ನು ಮಾತ್ರ ಕೊಳ್ಳುತ್ತಾರೆ, ಅದಕ್ಕೆ ದೊಡ್ಡ ಗಂಟು ಬೇಕು. ನಿಮಗಾದರೆ ಅರ್ಧ ದಾರಿ ಆಗಲೇ ಸವೆದಿದೆ. ಲಿವರ್ ಇದೆ, ಪಿಸ್ಟನ್ ಇದೆ, 51 ಇದೆ. ಇಂಕು ತುಂಬಿಸುವ ವಿಧಾನಗಳನ್ನೇ ಎಳೆ ಮಾಡಿಕೊಳ್ಳಿ. ಎಬೊನೈಟಿನ ಒಂದು ಡ್ರಾಪರ್ ಪೆನ್ನು, ಒಂದು ಕಾಂಕ್ಲಿನ್ ಅರ್ಧಚಂದ್ರ, ಹಿಂದೆ ಗುಂಡಿ ಒತ್ತುವ ಒಂದು ಡ್ಯುಯೋಫೋಲ್ಡ್ ಸೇರಿದರೆ ಅದು ಹೇಳಿಕೊಳ್ಳುವಂಥ ಸಂಗ್ರಹ.

ಜೊತೆಗೆ 1952ರ ಶೇಫರ್ ಸ್ನಾರ್ಕೆಲ್ ಒಂದನ್ನು ಹುಡುಕಿ. ಹಿಂದಿನ ಗುಬುಟು ತಿರುಗಿಸಿದರೆ ನಿಬ್ಬಿನ ಕೆಳಗಿನಿಂದ ಸೂಜಿಯಂಥ ಕೊಳವೆ ಹೊರಗೆ ಬರುತ್ತದೆ. ಅದರ ತುದಿ ಮಾತ್ರ ಇಂಕಿಗೆ ತಾಗಿದರೆ ಸಾಕು. ನಿಬ್ಬು ಒದ್ದೆಯಾಗುವುದಿಲ್ಲ, ಒರೆಸಬೇಕಿಲ್ಲ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬಿಡಿಭಾಗ ಕೂರಿಸಿದ ಆ ಜನರ ಕೈಚಳಕಕ್ಕೆ ನನಗೆ ಇವತ್ತಿಗೂ ಬೆರಗು. ರಿಪೇರಿ ಸ್ವಲ್ಪ ಕಷ್ಟ, ಹಾಗಾಗಿ ರಿಪೇರಿಯಾದದ್ದನ್ನೇ ಕೊಳ್ಳಿ.

ಕೊಳ್ಳುವಾಗ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಜೇಬಿನಲ್ಲಿರಲಿ. ಮೊದಲು ನಿಬ್ಬಿನ ತುದಿ ನೋಡಿ. ಎರಡು ಕವಲಿನ ಮೇಲೂ ಗಟ್ಟಿ ಲೋಹದ ಕಣ ಸಮನಾಗಿ ಇರಬೇಕು. ಅದು ಸವೆದಿದ್ದರೆ ಮತ್ತೆ ಕೂರಿಸುವುದು ದುಬಾರಿ ಕೆಲಸ. ಆಮೇಲೆ ಮುಚ್ಚಳದ ಅಂಚನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ, ಕೂದಲೆಳೆಯ ಬಿರುಕು ಇರುವುದು ಅಲ್ಲೇ. ಮುಚ್ಚಳ ಒಂದು ಬಣ್ಣಕ್ಕೆ, ಮೈ ಇನ್ನೊಂದು ಬಣ್ಣಕ್ಕೆ ಮಾಸಿದ ಎಬೊನೈಟ್ ಪೆನ್ನು ಕಂಡರೆ ಎರಡು ಪೆನ್ನು ಸೇರಿ ಒಂದಾಗಿರಬಹುದು ಎಂದು ತಿಳಿಯಿರಿ. ನಿಬ್ಬಿನ ಮೇಲಿನ ಹೆಸರಿಗೂ ಮೈಮೇಲಿನ ಹೆಸರಿಗೂ ತಾಳೆಯಾಗಬೇಕು. ಯುದ್ಧದ ಕಾಲದ ಜರ್ಮನ್ ಪೆನ್ನಿನಲ್ಲಿ ಚಿನ್ನದ ಬದಲು ಉಕ್ಕಿನ ನಿಬ್ಬಿದ್ದರೆ ಮೋಸ ಎಂದುಕೊಳ್ಳಬೇಡಿ. ಆಗ ಚಿನ್ನ ಪೆನ್ನಿಗೆ ಸಿಗುತ್ತಿರಲಿಲ್ಲ.

ಇಡುವ ಕ್ರಮ ಸರಳ. ಕತ್ತಲು, ತಂಪು, ಗಾಳಿಯಾಡುವ ಜಾಗ. ಇಂಕು ಇದ್ದರೆ ನಿಬ್ಬು ಮೇಲೆ. ಸೆಲ್ಯುಲಾಯ್ಡ್ ಪೆನ್ನುಗಳನ್ನು ಗಾಳಿಯಾಡದ ಡಬ್ಬದಲ್ಲಿ ಬೇರೆಯವುಗಳ ಜೊತೆ ಮುಚ್ಚಿಡಬಾರದು. ಒಂದು ಕೆಡಲು ಶುರುವಾದರೆ ಅದರಿಂದ ಹೊರಡುವ ಆಮ್ಲದ ಆವಿ ಪಕ್ಕದವನ್ನೂ ಕೆಡಿಸುತ್ತದೆ. ಕ್ಲಿಪ್ಪಿಗೆ ಕಾರಣವಿಲ್ಲದೆ ತುಕ್ಕು ಹಿಡಿದರೆ ಆ ಪೆನ್ನನ್ನು ಕೂಡಲೇ ಬೇರೆ ಇಡಿ. ತೊಳೆಯಲು ತಣ್ಣೀರು ಸಾಕು. ಸ್ಪಿರಿಟ್, ಆಲ್ಕೋಹಾಲ್ ಬೇಡವೇ ಬೇಡ, ಸೆಲ್ಯುಲಾಯ್ಡು, ಶೆಲ್ಯಾಕು ಎರಡೂ ಅದರಲ್ಲಿ ಕರಗುತ್ತವೆ. ಚಿತ್ರ ಬರೆಯುವ ಇಂಡಿಯನ್ ಇಂಕು ಹಾಕಿದರೆ ಫೀಡು ಕಟ್ಟಿ ಪೆನ್ನು ಸತ್ತ ಹಾಗೆ. ಫೌಂಟನ್ ಪೆನ್ನಿಗೆಂದೇ ಮಾಡಿದ ಮಾಮೂಲಿ ನೀಲಿ ಇಂಕು ಹಳೇ ಪೆನ್ನಿಗೆ ಹಿತ.

ನಿಮ್ಮ ಮೂರು ಪೆನ್ನುಗಳಲ್ಲಿ ಮೊದಲು ಪಾರ್ಕರನ್ನು ಕೈಗೆತ್ತಿಕೊಳ್ಳಿ. ಏರೋಮೆಟ್ರಿಕ್ ಆಗಿದ್ದರೆ ನೀರು ತುಂಬಿಸಿ ಚೆಲ್ಲಿ, ತಿಳಿಯಾಗುವವರೆಗೆ ಹೀಗೇ ಮಾಡಿ, ಅದರಿಂದಲೇ ಬರೆಯಲು ಶುರು ಮಾಡಿ. ಪೆಲಿಕಾನ್ ಅಷ್ಟರಲ್ಲಿ ನೀರಿನಲ್ಲಿ ನೆನೆಯಲಿ. ವಾಟರ್‌ಮನ್ ಅನ್ನು ರಿಪೇರಿಗೆ ಕೊಡುವಾಗ ಮೂರು ಮಾತು ಬರೆದು ಕೊಡಿ: ಹೊಸ ಚೀಲ ಹಾಕಬೇಕು, ಶೆಲ್ಯಾಕನ್ನೇ ಬಳಸಬೇಕು, ಮೈಯನ್ನು ಉಜ್ಜಬಾರದು. ಮೂರನೆಯ ಮಾತಿಗೆ ಒಪ್ಪದ ರಿಪೇರಿಯವರಿಗೆ ಪೆನ್ನು ಕೊಡಬೇಡಿ.